ಪಾತ್ರವಿಲ್ಲದ ವೇಷ: ಲೀ ಬವರಿಯ ಉಡುಗೆಗಳನ್ನು ಕುರಿತು ಒಂದು ವಿಚಾರ

ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದನು. ಇವುಗಳಲ್ಲಿ ಆಹಾರ್ಯಕ್ಕೆ, ಎಂದರೆ ಬಣ್ಣ ಉಡುಗೆ ತೊಡುಗೆಗಳಿಗೆ, ನಮ್ಮ ವಿಮರ್ಶಕರು ಸಲ್ಲಿಸಿರುವ ಗಮನ ಅತ್ಯಲ್ಪವೆಂದೇ ಹೇಳಬೇಕು. ಕವಿಯ ಮಾತಿಗೆ ಟೀಕೆ ಬರೆದವರು ನೂರಾರು ಮಂದಿ. ಕಿರೀಟ ಕಟ್ಟಿದವನ ಕೈಗೆ ಟೀಕೆ ಬರೆದವರು ವಿರಳ. ಬಟ್ಟೆಯೆಂಬುದು ಮೈ ಮುಚ್ಚುವುದಕ್ಕೆ, ಹೆಚ್ಚೆಂದರೆ ಅಂದಕ್ಕೆ, ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದೇ ಇದಕ್ಕೆ ಕಾರಣವಿರಬಹುದು. ಹೀಗಿರುವಲ್ಲಿ, ಕೇವಲ ಉಡುಗೆಯಿಂದಲೇ ಕಲಾವಿದನೆನಿಸಿಕೊಂಡ ಒಬ್ಬನನ್ನು ಕುರಿತು, ಅದೂ ಲಂಡನ್ನಿನ ನೈಟ್ ಕ್ಲಬ್ಬುಗಳಲ್ಲಿ ಬಾಳಿದವನನ್ನು ಕುರಿತು, ಈ ಪುಟಗಳಲ್ಲಿ ಬರೆಯಹೊರಟರೆ ಕೆಲವರು ವಾಚಕರು ಹುಬ್ಬು ಗಂಟಿಕ್ಕಿಯಾರು. ಅವರಲ್ಲಿ ಸ್ವಲ್ಪ ತಾಳ್ಮೆಯನ್ನು ಬೇಡುತ್ತೇನೆ. ನಮ್ಮನ್ನು ನೇರವಾಗಿ ತಾಗುವ ವಿಷಯವೊಂದು ಇದರ ನಡುವೆ ಇದೆ.

೨೦೨೫ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯವು ಲೀ ಬವರಿ ಎಂಬವನ ಉಡುಗೆಗಳ, ಚಿತ್ರಗಳ, ಚಲಚ್ಚಿತ್ರಗಳ ದೊಡ್ಡ ಪ್ರದರ್ಶನವೊಂದನ್ನು ನಡೆಸಿತು. ಬವರಿ ತೀರಿಕೊಂಡು ಆಗ ಮೂವತ್ತು ವರ್ಷ ಕಳೆದಿತ್ತು. ಆ ಪ್ರದರ್ಶನವನ್ನು ಕಣ್ಣಾರೆ ಕಂಡವನು ನಾನಲ್ಲ. ಫರ್ಗಸ್ ಗ್ರೀರ್ ತೆಗೆದ ಛಾಯಾಚಿತ್ರಗಳು, ಚಾರ್ಲ್ಸ್ ಅಟ್ಲಾಸ್ ತೆಗೆದ ಚಲಚ್ಚಿತ್ರಗಳು, ಗೆಳತಿ ಸೂ ಟಿಲಿ ೧೯೯೭ರಲ್ಲಿ ಪ್ರಕಟಿಸಿದ ಜೀವನಚರಿತ್ರೆ, ಇವೇ ನನಗೆ ಆಧಾರ. ಒಂದು ರಾತ್ರಿ ತೊಟ್ಟು ಬೆಳಗಾಗುವಷ್ಟರಲ್ಲಿ ಕಳಚಿಬಿಟ್ಟ ವೇಷಗಳನ್ನು ಇಷ್ಟರಿಂದ ಅಳೆಯಬಹುದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದನ್ನು ಮುಂದೆ ವಿಚಾರಿಸುತ್ತೇನೆ.

ಮೊದಲು ಹಿನ್ನೆಲೆ. ೧೯೭೯ರ ಫೆಬ್ರವರಿಯಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಬಳಿಯ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿದ್ದ ಬ್ಲಿಟ್ಸ್ ಎಂಬ ಮದ್ಯಶಾಲೆಯಲ್ಲಿ ಸ್ಟೀವ್ ಸ್ಟ್ರೇಂಜ್, ರಸ್ಟಿ ಈಗನ್ ಎಂಬಿಬ್ಬರು ತರುಣರು ಮಂಗಳವಾರದ ರಾತ್ರಿಗಳನ್ನು ಆರಂಭಿಸಿದರು. ಈಗನ್ ಸಂಗೀತ ಹಾಕುತ್ತಿದ್ದ. ಸ್ಟ್ರೇಂಜ್ ಬಾಗಿಲಲ್ಲಿ ನಿಂತು, ಉಡುಗೆಯಲ್ಲಿ ಕಲ್ಪನೆ ಕಾಣದವರನ್ನು ಹಿಂದಕ್ಕೆ ಕಳುಹಿಸುತ್ತಿದ್ದ. ಹತ್ತಿರದ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯ ವಿದ್ಯಾರ್ಥಿಗಳೂ, ಕೆಲಸವಿಲ್ಲದ ಹುಡುಗ ಹುಡುಗಿಯರೂ ಹಳೆಬಟ್ಟೆಯ ಅಂಗಡಿಗಳಲ್ಲಿ ಸಿಕ್ಕಿದ್ದನ್ನು ಕತ್ತರಿಸಿ, ಜೋಡಿಸಿ, ಪಾದ್ರಿಗಳಾಗಿ, ಕಡಲುಗಳ್ಳರಾಗಿ, ಹಿಂದಿನ ಶತಮಾನದ ಶ್ರೀಮಂತರಾಗಿ ಬರುತ್ತಿದ್ದರು. ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ ೧೯೮೨ರ ಆರಂಭದಲ್ಲಿ ಮೂವತ್ತು ಲಕ್ಷವನ್ನು ದಾಟಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಸರ್ಕಾರದ ನಿರುದ್ಯೋಗ ಭತ್ಯ, ಖಾಲಿ ಮನೆಗಳಲ್ಲಿ ಬಾಡಿಗೆಯಿಲ್ಲದ ವಾಸ, ಹಗಲೆಲ್ಲ ಬಿಡುವು: ಈ ಮೂರೂ ಸೇರದಿದ್ದರೆ ಒಂದು ರಾತ್ರಿಯ ವೇಷಕ್ಕೆ ನಾಲ್ಕು ದಿನ ಹೊಲಿಯುವ ಜನ ಹುಟ್ಟುತ್ತಿರಲಿಲ್ಲ. ಇದನ್ನು ಬಡತನದ ಕಲೆ ಎನ್ನುವುದು ಅತಿಯಾದೀತು. ಆದರೆ ಸಂಪತ್ತಿನ ಕಲೆಯೆಂದು ತಿಳಿದರೆ ತಪ್ಪೇ ಆಗುತ್ತದೆ.

ಬವರಿ ಹುಟ್ಟಿದ್ದು ೧೯೬೧ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಸನ್‌ಶೈನ್ ಎಂಬ ಹೊರವಲಯದಲ್ಲಿ. ೧೯೮೦ರಲ್ಲಿ ಲಂಡನ್ನಿಗೆ ಬಂದ. ಹ್ಯಾಂಬರ್ಗರ್ ಅಂಗಡಿಯಲ್ಲಿ ದುಡಿದ, ಬಟ್ಟೆ ಹೊಲಿದು ಮಾರಿದ. ಮಾರುವುದರಲ್ಲಿ ಬೇಗನೆ ಬೇಸರ ತಾಳಿದ. ತನಗಾಗಿ ಹೊಲಿದುದನ್ನು ಇನ್ನೊಬ್ಬರ ಮೈಮೇಲೆ ಕಾಣುವುದು ಅವನಿಗೆ ರುಚಿಸದೆಹೋಯಿತು. ಆರಡಿಗೆ ಮೀರಿದ ಎತ್ತರ, ದಪ್ಪ ಮೈ. ನಾಚಿಕೆಗೆ ಕಾರಣವಾಗಬಹುದಾಗಿದ್ದ ಈ ದೇಹವನ್ನೇ ಅವನು ಮುಂದೆ ತನ್ನ ಕಲೆಯ ಮೂಲದ್ರವ್ಯವನ್ನಾಗಿ ಮಾಡಿಕೊಂಡ. ೧೯೮೫ರ ಜನವರಿಯಲ್ಲಿ ಲೆಸ್ಟರ್ ಸ್ಕ್ವೇರಿನ ಮ್ಯಾಕ್ಸಿಮಸ್ ಎಂಬ ಜಾಗದಲ್ಲಿ ಟೋನಿ ಗಾರ್ಡನ್ ಎಂಬವನೊಡನೆ ‘ಟಬೂ’ ಎಂಬ ಕ್ಲಬ್ಬನ್ನು ತೆರೆದ. ಮಾರನೆಯ ವರ್ಷವೇ ಅದು ಮುಚ್ಚಿತು. ಮಾದಕದ್ರವ್ಯದ ಸುದ್ದಿ ಪತ್ರಿಕೆಗೆ ಹತ್ತಿದ್ದೇ ಕಾರಣ. ಆ ಸುದ್ದಿ ಸುಳ್ಳಲ್ಲ. ಆ ಗುಂಪಿನ ಕೆಲವರು ಹೀಗೆಯೇ ಎಳೆಯ ವಯಸ್ಸಿನಲ್ಲಿ ಸತ್ತರು. ಅದನ್ನು ಮರೆಮಾಚಿ ಬರೆಯುವ ಅಭಿಮಾನಿಗಳ ಬರಹಗಳು ನನಗೆ ಒಪ್ಪಿಗೆಯಾಗುವುದಿಲ್ಲ.

ಟಬೂವಿನ ಬಾಗಿಲಲ್ಲಿ ಮಾರ್ಕ್ ವಾಲ್ಟಿಯೆ ಎಂಬವನು ಕೈಗನ್ನಡಿಯೊಂದನ್ನು ಹಿಡಿದು ನಿಲ್ಲುತ್ತಿದ್ದನಂತೆ. ಬಂದವನ ಮುಖಕ್ಕೆ ಕನ್ನಡಿ ಹಿಡಿದು, ನೀನೇ ಆಗಿದ್ದರೆ ನಿನ್ನನ್ನು ಒಳಗೆ ಬಿಡುತ್ತಿದ್ದೆಯಾ ಎಂದು ಕೇಳುತ್ತಿದ್ದನಂತೆ. ಈ ಪದ್ಧತಿಯಲ್ಲಿ ಕ್ರೌರ್ಯವಿರುವುದು ನಿಜ. ಆದರೆ ಶ್ರೀಮಂತರ ಕ್ಲಬ್ಬಿನ ದ್ವಾರಪಾಲಕನು ಕೇಳುವ ಪ್ರಶ್ನೆ ಇದಲ್ಲ. ಅವನು ಕೇಳುವುದು ನೀನು ಯಾರ ಮಗ, ನಿನ್ನ ಕಿಸೆಯಲ್ಲಿ ಎಷ್ಟಿದೆ ಎಂದು. ಇಲ್ಲಿ ಹುಟ್ಟು, ಹಣ ಎರಡಕ್ಕೂ ಬೆಲೆಯಿರಲಿಲ್ಲ. ಶ್ರಮಪಟ್ಟು ತನ್ನನ್ನು ತಾನು ರೂಪಿಸಿಕೊಂಡಿದ್ದರೆ ಪ್ರವೇಶ. ಒಳಗೆ ಹೋದಮೇಲೆ ಎಲ್ಲರೂ ವೇಷಧಾರಿಗಳೇ. ವೇಷವಿಲ್ಲದ ಪ್ರೇಕ್ಷಕನೆಂಬವನು ಅಲ್ಲಿರಲಿಲ್ಲ. ಚೌಕಿಯೂ ರಂಗಸ್ಥಳವೂ ಒಂದೇ ಆಗಿ, ಮುಂದೆ ಕುಳಿತು ನೋಡುವ ಸಭೆ ಇಲ್ಲದ ಆಟವನ್ನು ಕಲ್ಪಿಸಿಕೊಳ್ಳಬಹುದಾದರೆ, ಅದು ಟಬೂ.

ಈ ಹೋಲಿಕೆಯನ್ನು ಇನ್ನೂ ಸ್ವಲ್ಪ ಬೆಳೆಸಬೇಕು. ಸಾಮ್ಯಕ್ಕಿಂತ ವ್ಯತ್ಯಾಸವೇ ಇಲ್ಲಿ ಉಪಯುಕ್ತ. ತೆಂಕುತಿಟ್ಟಿನ ಬಣ್ಣದ ವೇಷಧಾರಿಯು ಅಕ್ಕಿಹಿಟ್ಟು ಸುಣ್ಣಗಳಿಂದ ಚಿಟ್ಟಿಯನ್ನು ಒಂದೊಂದಾಗಿ ಮುಖದ ಮೇಲೆ ಇಟ್ಟುಕೊಳ್ಳುತ್ತ ಗಂಟೆಗಟ್ಟಲೆ ಕೂರುವುದನ್ನು ಕರಾವಳಿಯವರು ಬಲ್ಲರು; ಮುಂಬಯಿಯಂಥ ಊರುಗಳಲ್ಲಿ ಆಟ ಆಡಿಸುವ ನಮ್ಮವರೂ ಬಲ್ಲರು. ಮುಳ್ಳುಮುಳ್ಳಾದ ಆ ಮುಖ ತೆರೆಯ ಹಿಂದಿನಿಂದ ಕಾಣಿಸಿದ ಕ್ಷಣವೇ, ಮಾತು ಹೊರಡುವ ಮೊದಲೇ, ಇವನು ರಾಕ್ಷಸ ಎಂದು ಸಭೆಗೆ ತಿಳಿಯುತ್ತದೆ. ವೇಷಕ್ಕೆ ಅರ್ಥವನ್ನು ಕೊಡುವುದು ಪರಂಪರೆ. ವೇಷಧಾರಿಯ ಪ್ರತಿಭೆಯೆಂಬುದು, ಎಲ್ಲರಿಗೂ ಗೊತ್ತಿರುವುದನ್ನು ಇನ್ನೊಮ್ಮೆ, ಇನ್ನಷ್ಟು ಚೆನ್ನಾಗಿ ಮಾಡಿ ತೋರಿಸುವುದರಲ್ಲಿದೆ. ಬವರಿಯೂ ಬಣ್ಣದ ಮುಂದೆ ಗಂಟೆಗಟ್ಟಲೆ ಕೂತವನೇ. ಬೋಳಿಸಿದ ತಲೆಯಿಂದ ಕೆನ್ನೆಗಳಿಗೆ ಬಣ್ಣದ ದ್ರವ ಹರಿದು ಹೆಪ್ಪುಗಟ್ಟಿದಂತೆ ಮಾಡಿಕೊಂಡ. ಬಟ್ಟೆಯ ಮೇಲಿನ ಚುಕ್ಕೆಗಳನ್ನೇ ಮುಖದ ಮೇಲೂ ಬರೆದುಕೊಂಡು, ಬಟ್ಟೆ ಎಲ್ಲಿ ಮುಗಿಯಿತು ಚರ್ಮ ಎಲ್ಲಿ ಮೊದಲಾಯಿತು ಎಂಬುದನ್ನು ಅಳಿಸಿದ. ಕೆನ್ನೆ ಚುಚ್ಚಿಸಿಕೊಂಡು ಪಿನ್ನುಗಳಿಂದ ಕೃತಕ ತುಟಿಗಳನ್ನು ಸಿಕ್ಕಿಸಿಕೊಂಡ. ಆದರೆ ಇವನು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಅವನು ರಾಕ್ಷಸನಲ್ಲ, ಸ್ತ್ರೀವೇಷವಲ್ಲ, ಹಾಸ್ಯಗಾರನೂ ಅಲ್ಲ. ಅವನನ್ನು ಹೆಣ್ಣುವೇಷದವನೆಂದು ಕರೆದ ಪತ್ರಿಕೆಗಳವರು ಸರಿಯಾಗಿ ನೋಡಲಿಲ್ಲವೆಂದೇ ಹೇಳಬೇಕು. ಹೆಣ್ಣುವೇಷಕ್ಕೆ ಹೆಣ್ಣೆಂಬ ಗುರಿಯಿದೆ. ಬವರಿಯ ವೇಷಕ್ಕೆ ಯಾವ ಪಾತ್ರವೂ ಗುರಿಯಲ್ಲ. ಆಹಾರ್ಯವು ಪಾತ್ರದ ಸೇವೆಯನ್ನು ಬಿಟ್ಟು ತಾನೇ ಯಜಮಾನನಾದ ಇಂಥ ಉದಾಹರಣೆ ನಮ್ಮ ಲಾಕ್ಷಣಿಕರಿಗೆ ಸಿಕ್ಕಿದ್ದರೆ ಏನೆನ್ನುತ್ತಿದ್ದರೋ! ರಸವಿಲ್ಲದ ಅಲಂಕಾರವೆಂದು ತಳ್ಳಿಹಾಕುವುದು ಸುಲಭ. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಚಿತ್ರಗಳನ್ನು ಮತ್ತೆ ಮತ್ತೆ ನೋಡಿದಮೇಲೆ, ಒಂದು ಭಾವ ಮಾತ್ರ ಅಲ್ಲಿ ತಪ್ಪದೆ ಇದೆಯೆಂದು ನನಗೆ ತೋರಿತು. ನೋಡುವವನು ತನ್ನ ಪರಿಚಯದ ಯಾವ ಹೆಸರನ್ನೂ ಇದಕ್ಕೆ ಹಚ್ಚಲಾರದೆ ನಿಂತಾಗ ಹುಟ್ಟುವ ಅಚ್ಚರಿ, ಅದರ ಅಂಚಿನಲ್ಲಿ ಭಯ. ಅದ್ಭುತ ಭಯಾನಕಗಳ ನಡುವಿನ ಈ ಸಂಧಿಯೇ ಅವನ ಕ್ಷೇತ್ರ.

ಇನ್ನು ನಮ್ಮನ್ನು ತಾಗುವ ವಿಷಯ. ಈ ಪ್ರೌಢ ವೇಷಗಳಿಗೆ ಮೊದಲು, ೧೯೮೩ರ ಸುಮಾರಿಗೆ, ಬವರಿಯೂ ಅವನ ಗೆಳೆಯ ಟ್ರೋಜನ್ ಎಂಬ ಚಿತ್ರಕಾರನೂ ಒಂದು ವೇಷಮಾಲೆಯನ್ನು ಕಟ್ಟಿದರು. ಇವರು ವಾಸವಾಗಿದ್ದುದು ಪೂರ್ವ ಲಂಡನ್ನಿನ ಸ್ಟೆಪ್ನಿಯಲ್ಲಿ, ಪುರಸಭೆಯ ಎತ್ತರದ ಕಟ್ಟಡವೊಂದರಲ್ಲಿ. ಸುತ್ತಲ ಬೀದಿಗಳಲ್ಲಿ ಬಂಗಾಳಿ ಮುಸಲ್ಮಾನ ವಲಸೆಗಾರರ ಮನೆಗಳು, ಹೊಲಿಗೆಯ ಕಾರ್ಖಾನೆಗಳು. ಮುಖಕ್ಕೆ ನೀಲಿ, ಹಸುರು, ಕೆಂಪು ಬಣ್ಣ. ಮೂಗಿಗೂ ಹಣೆಗೂ ಒಡವೆ. ಹಿಂದೂ ದೇವತೆಗಳ ಪಟಗಳಿಂದ ಎತ್ತಿಕೊಂಡ ರೂಪ, ಅದಕ್ಕೆ ಸೇರಿದಂತೆ ಪಾಶ್ಚಾತ್ಯ ಗಾಯಕರ ಎತ್ತರದ ಅಟ್ಟೆಯ ಪಾದರಕ್ಷೆ. ಈ ವೇಷಕ್ಕೆ ಅವರು ಇಟ್ಟ ಹೆಸರು ‘ಬಾಹ್ಯಾಕಾಶದಿಂದ ಬಂದ ಪಾಕಿಗಳು’.

‘ಪಾಕಿ’ ಎಂಬುದು ದೇಶನಾಮದ ಸಂಕ್ಷೇಪವಷ್ಟೇ ಅಲ್ಲವೆಂಬುದು ಇಂಗ್ಲೆಂಡಿನಲ್ಲಿ ಬಂಧುಗಳಿರುವ ವಾಚಕರಿಗೆ ತಿಳಿದೇ ಇರುತ್ತದೆ. ಪಂಜಾಬಿ, ಬಂಗಾಳಿ, ಗುಜರಾತಿ, ಕನ್ನಡಿಗ ಎಂಬ ಭೇದವಿಲ್ಲದೆ ಕಂದುಬಣ್ಣದವರೆಲ್ಲರ ಮೇಲೂ ಬೀದಿಯಲ್ಲಿ ಎಸೆಯುತ್ತಿದ್ದ ಬೈಗುಳ ಅದು. ಹೊಡೆತಕ್ಕೆ ಮುಂಚೆ ಕೇಳಿಬರುತ್ತಿದ್ದ ಮಾತು. ೧೯೭೮ರ ಮೇ ೪ರಂದು ಅಲ್ತಾಬ್ ಅಲಿ ಎಂಬ ಬಂಗಾಳಿ ಯುವಕನು ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಾಗ, ಸ್ಟೆಪ್ನಿಗೆ ತೀರ ಹತ್ತಿರದ ವೈಟ್‌ಚಾಪೆಲ್ಲಿನಲ್ಲಿ ಮೂವರು ಹುಡುಗರು ಅವನನ್ನು ಇರಿದು ಕೊಂದರು. ಆತ ಉಡುಪು ತಯಾರಿಕೆಯ ಕೆಲಸಗಾರ. ಬವರಿ ನೀಲಿಬಣ್ಣ ಬಳಿದುಕೊಂಡುದು ಅದಾಗಿ ಐದು ವರ್ಷಗಳೊಳಗೆ.

ಈ ವೇಷವನ್ನು ಸಮರ್ಥಿಸುವವರ ವಾದವೊಂದುಂಟು. ಇಂಗ್ಲಿಷಿನಲ್ಲಿ ಪರದೇಶಿಗೂ ಅನ್ಯಗ್ರಹದವನಿಗೂ ಒಂದೇ ಶಬ್ದ. ಆ ಶ್ಲೇಷೆಯನ್ನು ಹಿಡಿದು, ಬೈಗುಳವನ್ನೇ ತಲೆಯ ಮೇಲೆ ಹೊತ್ತು, ದ್ವೇಷಿಗಳನ್ನು ಬವರಿ ಅಣಕಿಸಿದ ಎನ್ನುತ್ತಾರೆ. ಅವನೂ ವಲಸೆಗಾರ, ಅವನೂ ಬೀದಿಯಲ್ಲಿ ಬೈಗುಳ ತಿಂದವನು, ಆ ವೇಷದಲ್ಲಿ ಬಸ್ಸು ಹತ್ತಲು ಎದೆಗಾರಿಕೆ ಬೇಕಾಗಿತ್ತು ಎಂಬುದೂ ಸುಳ್ಳಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶ್ಲೇಷೆಯ ನಿಯಮವನ್ನು ನಮ್ಮ ಕವಿಗಳು ಬಲ್ಲರು: ಎರಡು ಅರ್ಥಗಳೂ ಜೀವಂತವಾಗಿರಬೇಕು. ಇಲ್ಲಿ ಒಂದು ಅರ್ಥವನ್ನು ಬವರಿ ಮೈಮೇಲೆ ಧರಿಸಿದ; ಇನ್ನೊಂದು ಅರ್ಥವನ್ನು ಧರಿಸಿದವರು ಪಕ್ಕದ ಬೀದಿಯವರು, ಅವರನ್ನು ಯಾರೂ ಕೇಳಲಿಲ್ಲ. ಅವನ ನೀಲಿ ರಾತ್ರಿ ಕಳೆದಮೇಲೆ ಸೋಪಿಗೆ ಹೋಗುವಂಥದು. ಅದಕ್ಕಿಂತ ಮುಖ್ಯವಾಗಿ, ಕಲೆಯ ದೃಷ್ಟಿಯಿಂದಲೂ ಇದು ದುರ್ಬಲವೆಂಬುದು ನನ್ನ ಅಭಿಪ್ರಾಯ. ನಮ್ಮ ಪಟಗಳಲ್ಲಿ ಕೃಷ್ಣನ ನೀಲಿಗೆ ಮೇಘಶ್ಯಾಮನೆಂಬ ಭಾವದ ಆಧಾರವಿದೆ. ಕಾಳಿಯ ಬಣ್ಣಕ್ಕೆ ಅದರದೇ ಅರ್ಥವಿದೆ. ಬವರಿಯ ಕಣ್ಣಿಗೆ ಬಿದ್ದುದು ಅರ್ಥ ಸೋರಿಹೋದ ಬರಿಯ ವಿಚಿತ್ರ. ವಿಚಿತ್ರವನ್ನು ಬೇರೆಯವರ ಪೂಜೆಯ ಕೋಣೆಯಿಂದ ತರುವುದಕ್ಕೆ ಪ್ರತಿಭೆ ಬೇಕಿಲ್ಲ, ಕಣ್ಣಿದ್ದರೆ ಸಾಕು. ಮುಂದೆ ಅವನು ಸಾಧಿಸಿದ ಅದ್ಭುತವಾದರೋ ಯಾರಿಂದಲೂ ಎರವಲು ತಂದುದಲ್ಲ. ತನ್ನ ಬೊಜ್ಜು, ತನ್ನ ಬೋಳುತಲೆ, ತನ್ನ ಉಸಿರುಗಟ್ಟುವಿಕೆ ಇವುಗಳಿಂದಲೇ ಅದನ್ನು ತೆಗೆದ. ಬವರಿಯ ಬೆಳವಣಿಗೆಯನ್ನು ಬರೆಯುವವರು ನೀಲಿವೇಷವನ್ನು ಧೀರವಾದ ಆರಂಭವೆಂದು ಹೊಗಳುವುದುಂಟು. ಅವನು ಬಿಟ್ಟು ಮೇಲೇರಿದ ಮೆಟ್ಟಿಲೆಂದು ನಾನು ಓದುತ್ತೇನೆ.

ಆ ಮೇಲಿನ ಮೆಟ್ಟಿಲು ಯಾವುದು? ೧೯೮೮ರ ಅಕ್ಟೋಬರಿನಲ್ಲಿ ಆಂಟನಿ ಡಾಫೆ ಎಂಬವರ ಚಿತ್ರಶಾಲೆಯಲ್ಲಿ ಅವನು ಐದು ದಿನ ಪ್ರದರ್ಶನ ನೀಡಿದ. ನಡುವೆ ಒಂದು ಗಾಜು. ಅವನ ಕಡೆಯಿಂದ ಅದು ಕನ್ನಡಿ, ನೋಡುವವರ ಕಡೆಯಿಂದ ಕಿಟಕಿ. ದಿನಕ್ಕೊಂದು ವೇಷ ತೊಟ್ಟು, ಒರಗುಪೀಠದ ಮೇಲೆ ಕೂರುತ್ತ, ಹೊರಳುತ್ತ, ತನ್ನನ್ನು ತಾನೇ ಕನ್ನಡಿಯಲ್ಲಿ ಪರೀಕ್ಷಿಸುತ್ತ ಗಂಟೆಗಳನ್ನು ಕಳೆದ. ಮಾತಿಲ್ಲ, ಕಥೆಯಿಲ್ಲ. ಟಬೂವಿನ ಬಾಗಿಲಲ್ಲಿ ಇತರರಿಗೆ ಹಿಡಿಸಿದ ಕನ್ನಡಿಯನ್ನು ಇಲ್ಲಿ ತನಗೇ ಹಿಡಿದುಕೊಂಡ. ಟಬೂವಿನಲ್ಲಿ ಪ್ರೇಕ್ಷಕನಿರಲಿಲ್ಲ, ಇಲ್ಲಿ ಪ್ರೇಕ್ಷಕನನ್ನು ಅವನು ಕಾಣಲಾರ. ಅದೇ ವರ್ಷದ ಮೇ ತಿಂಗಳಿನಲ್ಲಿ ಬ್ರಿಟಿಷ್ ಸರ್ಕಾರವು ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮಕ್ಕೆ ಪ್ರೋತ್ಸಾಹ ಕೊಡಕೂಡದೆಂಬ ಕಲಮನ್ನು ಶಾಸನಕ್ಕೆ ಸೇರಿಸಿತ್ತು. ತನಗೆ ಎಚ್‌ಐವಿ ಸೋಂಕು ತಗುಲಿದೆಯೆಂಬುದನ್ನು ಬವರಿ ಅರಿತದ್ದೂ ಆ ಕಾಲದಲ್ಲಿಯೇ. ಕೆಲವೇ ಆಪ್ತರ ಹೊರತು ಅದನ್ನು ಯಾರಿಗೂ ತಿಳಿಸಲಿಲ್ಲ. ಈ ಎರಡನ್ನೂ ತಿಳಿದು ಆ ಪ್ರದರ್ಶನವನ್ನು ನೋಡಿದಾಗ, ಬರಿಯ ಆತ್ಮರತಿಯೆಂದು ಅದನ್ನು ಕೆಳಗಿಡುವುದು ಕಷ್ಟ.

ಲೂಸಿಯನ್ ಫ್ರಾಯ್ಡ್ ೧೯೯೦ರಿಂದ ಬವರಿಯನ್ನು ಚಿತ್ರಿಸತೊಡಗಿದುದು ಎಲ್ಲರೂ ಬಲ್ಲ ಸಂಗತಿ. ವೇಷದಿಂದ ಹೆಸರಾದವನು ಆ ಚಿತ್ರಗಳಲ್ಲಿ ಬೆತ್ತಲೆ. ೧೯೯೧–೯೨ರಲ್ಲಿ ಬರೆದ, ಬೆನ್ನುಮಾಡಿ ಕುಳಿತಿರುವ ಮಹಾಕಾಯದ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ವೇಷ ಕಳಚಿದಮೇಲೆ ನಿಜವಾದ ಬವರಿ ಹೊರಬಿದ್ದ ಎಂದು ಬರೆಯುವುದು ಪಾಶ್ಚಾತ್ಯ ವಿಮರ್ಶಕರಲ್ಲಿ ರೂಢಿಯಾಗಿಬಿಟ್ಟಿದೆ. ಒಳಗೆ ಸತ್ಯ, ಹೊರಗೆ ಸುಳ್ಳು ಎಂಬ ಈ ಸರಳ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಮೈಯ ಕೂದಲನ್ನೆಲ್ಲ ಬೋಳಿಸಿ, ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಕೂತವನಿಗೆ ಆ ಬೆತ್ತಲೆಯೂ ಶ್ರಮದಿಂದ ತೊಟ್ಟ ವೇಷವೇ. ಲೆಕ್ಕದ ಮಾತು ಬಂದುದರಿಂದ, ಲೆಕ್ಕ ಬರೆಯುವುದೇ ಕಸಬಾದ ನಾನು ಇನ್ನೊಂದನ್ನು ಹೇಳದಿರಲಾರೆ. ಬವರಿಯ ಮೂಲಕವೇ ಫ್ರಾಯ್ಡನ ಪರಿಚಯವಾದ ಸೂ ಟಿಲಿ ನಿರುದ್ಯೋಗಿಗಳಿಗೆ ನೆರವು ನೀಡುವ ಸರ್ಕಾರಿ ಕಚೇರಿಯಲ್ಲಿ ಕೆಲಸದಲ್ಲಿದ್ದವಳು. ಅವಳು ಸೋಫಾದ ಮೇಲೆ ನಿದ್ರಿಸುತ್ತಿರುವ ಚಿತ್ರ ೨೦೦೮ರ ಮೇ ತಿಂಗಳಲ್ಲಿ ೩ ಕೋಟಿ ೩೬ ಲಕ್ಷ ಡಾಲರಿಗೆ ಹರಾಜಾಯಿತು; ಬದುಕಿದ್ದ ಕಲಾವಿದನೊಬ್ಬನ ಕೃತಿಗೆ ಹರಾಜಿನಲ್ಲಿ ಅಷ್ಟು ಬೆಲೆ ಅದುವರೆಗೆ ಬಂದಿರಲಿಲ್ಲ. ಭತ್ಯದ ಹಣದಲ್ಲಿ ಬದುಕಿದ ಗುಂಪಿನ ನಡುವಿನಿಂದ ಎದ್ದ ಚಿತ್ರ!

ಬವರಿ ಮಾಡಿದ್ದೆಲ್ಲವೂ ಗೆದ್ದಿತೆಂದಲ್ಲ. ಕೆಲವು ರಂಗಪ್ರದರ್ಶನಗಳಲ್ಲಿ ಅವನು ಪ್ರೇಕ್ಷಕರಿಗೆ ಅಸಹ್ಯ ಹುಟ್ಟಿಸುವುದನ್ನೇ ಗುರಿಯಾಗಿಟ್ಟುಕೊಂಡ. ಅವುಗಳ ವಿವರ ಇಲ್ಲಿ ಬೇಡ. ಜುಗುಪ್ಸೆ ಬೀಭತ್ಸಕ್ಕೆ ಸ್ಥಾಯಿ ಎಂಬುದೇನೋ ಸರಿ. ಆದರೆ ಪ್ರೇಕ್ಷಕನಿಗೆ ಮೂಗು ಮುಚ್ಚಿಕೊಂಡು ಓಡುವುದಷ್ಟೇ ಉಳಿದರೆ ಅಲ್ಲಿ ಆಸ್ವಾದಕ್ಕೆ ಎಡೆಯೆಲ್ಲಿ? ಇದಕ್ಕೆ ಹೋಲಿಸಿದರೆ ೧೯೯೩ರಲ್ಲಿ ನ್ಯೂಯಾರ್ಕಿನಲ್ಲಿ ಅವನು ತೋರಿಸಿದ ಪ್ರಸವದ ದೃಶ್ಯ ಬೇರೆಯೇ ಜಾತಿಯದು. ದಪ್ಪ ಹೆಂಗಸಿನಂತೆ ಕಂಡು ಹಾಡುತ್ತಿದ್ದವನು ಇದ್ದಕ್ಕಿದ್ದಂತೆ ಬೆನ್ನಮೇಲೆ ಮಲಗಿ, ಉಡುಗೆಯೊಳಗಿನಿಂದ ನಿಕೊಲಾ ಬೇಟ್‌ಮನ್ ಎಂಬ ಯುವತಿಯನ್ನು ‘ಹೆರುತ್ತಾನೆ’. ಅಷ್ಟು ಹೊತ್ತು ಅವಳು ಅವನ ಹೊಟ್ಟೆಗೆ ತಲೆಕೆಳಗಾಗಿ ಕಟ್ಟಿಸಿಕೊಂಡು ಉಸಿರು ಬಿಗಿಹಿಡಿದಿದ್ದಳು. ನಗು, ಗಾಬರಿ, ಕೊನೆಗೆ ಒಂದು ಬಗೆಯ ಕನಿಕರ, ಈ ಮೂರೂ ಒಂದರ ಹಿಂದೊಂದು ಬರುತ್ತವೆ.

ನಿಕೊಲಾಳ ಹೆಸರು ಬಂದುದು ಒಳ್ಳೆಯದಾಯಿತು. ಬವರಿಯ ಉಡುಗೆಗಳ ಮೇಲಿನ ಸಾವಿರಾರು ಮಿನುಗುಬಿಲ್ಲೆಗಳನ್ನು ಸೂಜಿಹಿಡಿದು ಹೊಲಿದವಳು ಬಹುಮಟ್ಟಿಗೆ ಇವಳೇ. ನಡುವನ್ನು ಬಿಗಿದು ಆಕಾರವನ್ನೇ ಬದಲಿಸುವ ಕುಪ್ಪಸಗಳ ಹಿಂದೆ ಮಿಸ್ಟರ್ ಪರ್ಲ್ ಎಂಬ ನಿಪುಣನ ಕೈಯಿತ್ತು. ೧೯೮೪ರ ಬಳಿಕ ಮೈಕೇಲ್ ಕ್ಲಾರ್ಕನ ನೃತ್ಯಗಳಿಗಾಗಿ ತಯಾರಾದ ಉಡುಪುಗಳಲ್ಲಿಯೂ ಹಲವರ ದುಡಿಮೆ ಸೇರಿದೆ. ೧೯೯೪ರ ಮೇ ತಿಂಗಳಲ್ಲಿ ಬವರಿ ನಿಕೊಲಾಳನ್ನು ಮದುವೆಯಾದ. ಆ ವರ್ಷದ ಕೊನೆಯ ದಿನ ಏಡ್ಸ್ ಸಂಬಂಧವಾದ ಕಾಯಿಲೆಯಿಂದ ತೀರಿಕೊಂಡ. ವಯಸ್ಸು ಮೂವತ್ತಮೂರು. ತಾನು ದೂರದೇಶಕ್ಕೆ ಹಂದಿ ಸಾಕಲು ಹೋಗಿರುವುದಾಗಿ ಹೇಳಿರೆಂದು ಗೆಳೆಯರಿಗೆ ಕಟ್ಟುಮಾಡಿದ್ದನಂತೆ.

ಇನ್ನು ಆಧಾರಗಳ ಪ್ರಶ್ನೆ. ಗ್ರೀರ್ ೧೯೮೮ರಿಂದ ೧೯೯೪ರವರೆಗೆ ಸ್ಟುಡಿಯೋದಲ್ಲಿ ತೆಗೆದ ಚಿತ್ರಗಳು ಬವರಿಯ ಕೀರ್ತಿಗೆ ಮುಖ್ಯ ಕಾರಣ. ಅವುಗಳಿಗೆ ಹೆಸರಿಲ್ಲ, ಇಷ್ಟನೆಯ ಬೈಠಕ್ಕು, ಇಷ್ಟನೆಯ ‘ಲುಕ್’ ಎಂಬ ಸಂಖ್ಯೆಗಳು ಮಾತ್ರ. ಈ ‘ಲುಕ್’ ಶಬ್ದಕ್ಕೆ ಕನ್ನಡದಲ್ಲಿ ‘ನೋಟ’ ಎನ್ನಬಹುದೆಂದು ಮೊದಲು ತೋರಿತು. ನೋಡುವುದಕ್ಕೂ ನೋಡಿಸಿಕೊಳ್ಳುವುದಕ್ಕೂ ನಮ್ಮಲ್ಲಿ ಅದೊಂದೇ ಮಾತಿದೆ. ಆದರೆ ‘ನೋಟ’ದಲ್ಲಿ ಭಾರವಿಲ್ಲ, ಬೆವರಿಲ್ಲ. ಆದುದರಿಂದ ‘ವೇಷ’ವನ್ನೇ ಉಳಿಸಿಕೊಂಡೆ. ಗ್ರೀರನ ಚಿತ್ರಗಳ ಕೊರತೆಯೂ ಇದೇ. ಹಿಂದೆ ಬರಿಯ ಗೋಡೆ, ಎಲ್ಲೆಡೆ ಸಮನಾದ ಬೆಳಕು; ಬವರಿ ಅಲ್ಲಿ ವಿಗ್ರಹದಂತೆ ನಿಂತಿದ್ದಾನೆ. ಗದ್ದಲ, ಕತ್ತಲು, ಉಸಿರಾಡಲು ಬಿಡದ ಮುಖವಾಡದೊಳಗಿನ ಸೆಖೆ ಇವು ಯಾವುವೂ ಇಲ್ಲ. ಸಂಗ್ರಹಾಲಯದ ಗೊಂಬೆಗೆ ತೊಡಿಸಿದ ಉಡುಗೆಯಲ್ಲಂತೂ ಮೈಯೇ ಇಲ್ಲ. ಬಟ್ಟೆಗೂ ಚರ್ಮಕ್ಕೂ ನಡುವಿನ ಗೆರೆಯನ್ನು ಅಳಿಸಲು ಇಷ್ಟು ಹೆಣಗಿದವನಿಗೆ ಇದು ಸಲ್ಲುವ ಮರ್ಯಾದೆಯೆ ಎಂದು ಅನಿಸದಿರದು. ಇದಕ್ಕೊಂದು ಅಪವಾದ, ೧೯೮೬ರಲ್ಲಿ ಬ್ಲಿಟ್ಸ್ ಎಂಬ ಪತ್ರಿಕೆಗಾಗಿ ಅವನು ತಲೆಗೂದಲಿನ ಚಿನ್ನದ ಬಣ್ಣದ ಪಿನ್ನುಗಳನ್ನು ಸಾಲುಸಾಲಾಗಿ ಸಿಕ್ಕಿಸಿ ಮಾಡಿದ ಡೆನಿಮ್ ಅಂಗಿ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಅದು ತಾನೇ ಭಾರವಾಗಿ ಜೋತು ನಿಲ್ಲುತ್ತದೆ, ಮೈ ಬೇಡ.

ಬವರಿಯನ್ನು ಹೊಸದಾಗಿ ತಿಳಿಯಬಯಸುವವರಿಗೆ ನಾನು ಮೊದಲು ಹೇಳುವುದು ಅಟ್ಲಾಸನು ಮೈಕೇಲ್ ಕ್ಲಾರ್ಕನನ್ನು ಕುರಿತು ತೆಗೆದ, ೧೯೮೬ರ ‘ಹೇಲ್ ದ ನ್ಯೂ ಪ್ಯೂರಿಟನ್’ ಎಂಬ ಚಿತ್ರವನ್ನು. ಅದರಲ್ಲಿ ಕ್ಲಾರ್ಕ್ ಬವರಿಯ ಸ್ಟೆಪ್ನಿಯ ಮನೆಗೆ ಬರುವ ಭಾಗವೊಂದಿದೆ. ಗೋಡೆಗೆ ‘ಸ್ಟಾರ್ ಟ್ರೆಕ್’ ಚಿತ್ರಗಳ ಕಾಗದ ಅಂಟಿಸಿದೆ. ಬವರಿ, ಟ್ರೋಜನ್ ಮೊದಲಾದವರು ರಾತ್ರಿಯ ಕ್ಲಬ್ಬಿಗೆ ಸಿದ್ಧರಾಗುತ್ತಿದ್ದಾರೆ. ಒಂದು ತೊಡುವುದು, ಕನ್ನಡಿ ನೋಡುವುದು, ಬೇಡವೆನ್ನುವುದು, ಇನ್ನೊಬ್ಬನನ್ನು ಕೇಳುವುದು, ಮತ್ತೆ ಕಳಚುವುದು. ಆಟ ಇನ್ನೂ ಆರಂಭವಾಗಿಲ್ಲ, ಹೊರಗೆ ಚೆಂಡೆ ಕೇಳುತ್ತಿಲ್ಲ, ಆದರೂ ಬಣ್ಣ ಹಚ್ಚುತ್ತ ಮಾತಾಡುತ್ತ ಕುಳಿತಿರುವ ಚೌಕಿಯ ಜನ ಎಲ್ಲಿದ್ದರೂ ಚೌಕಿಯ ಜನವೇ. ಟ್ರೋಜನ್ ಆ ವರ್ಷವೇ ಸತ್ತನು.